ಪಿಸ್ತೂಲ್ ಅಭ್ಯಾಸಕ್ಕೆ ಅಗ್ಗದ ಗುಂಡು: ಯಾವುದು ಉಳಿತಾಯ, ಯಾವುದು ದಂಡ

ನಮ್ಮ ಬಳ್ಳಾರಿಯಲ್ಲಿ ಏರ್ ಪಿಸ್ತೂಲ್, ಅಂದರೆ ಮದ್ದಿಲ್ಲದೆ ಗಾಳಿಯ ಒತ್ತಡದಿಂದ ಗುಂಡು ಹಾರಿಸುವ ಪಿಸ್ತೂಲ್ ಹಿಡಿಯಲು ಬರುವ ಹುಡುಗರು ಮೊದಲು ಕೇಳೋದು ಗುರಿ ಹೇಗೆ ಇಡೋದು ಅಂತಲ್ಲ. ಗುಂಡಿಗೆ ಎಷ್ಟು ಬೀಳುತ್ತೆ ಅಂತ. ತಪ್ಪೇನಿಲ್ಲ ಬಿಡಿ. ಪಿಸ್ತೂಲ್ ಒಂದೇ ಸಲದ ಖರ್ಚು, ಗುಂಡು ದಿನಾ ಹರಿಯುವ ಖರ್ಚು. ನಮ್ಮದು ಜೀನ್ಸ್ ಹೊಲಿಯುವ ಶೆಡ್ಡು. ಸಂಜೆ ಮಷೀನು ನಿಂತ ಮೇಲೆ ಬಾಗಿಲು ಹಾಕಿಕೊಂಡು, ಮೇಜುಗಳನ್ನು ಗೋಡೆಗೆ ಸರಿಸಿದರೆ ಸರಿಯಾಗಿ 10 ಮೀಟರ್ ಜಾಗ ಸಿಗುತ್ತದೆ. ಅಲ್ಲೇ ನಾನು, ಇನ್ನು ಮೂರು ನಾಲ್ಕು ಹುಡುಗರು ಅಭ್ಯಾಸ ಮಾಡ್ತೀವಿ.

ಮೊನ್ನೆ ಅವರಲ್ಲೊಬ್ಬ ಫೋನಿನಲ್ಲಿ ಅಮೆರಿಕದ ವಿಡಿಯೋ ನೋಡಿಕೊಂಡು ಬಂದ. "ಅಣ್ಣಾ, ಅಲ್ಲಿ ಸ್ಟೀಲ್ ತೋಟಾ ಹೊಡೆದು ರೊಕ್ಕ ಉಳಿಸ್ತಾರಂತೆ. ನಾವು ತೋರಣಗಲ್ಲಿನ ಸ್ಟೀಲ್ ಕಾರ್ಖಾನೆ ಪಕ್ಕದಾಗ ಇದ್ದು ಸೀಸ ಯಾಕ ಕೊಳ್ಳಬೇಕು? ಸ್ಟೀಲ್ ಗುಂಡು ಅಗ್ಗ ಸಿಗ್ತಾವಲ್ಲ" ಅಂದ. ಮಾತು ಚೆನ್ನಾಗಿತ್ತು, ಎಲ್ಲರೂ ನಕ್ಕರು. ಆದರೆ ಅವನು ಎರಡು ಬೇರೆ ಬೇರೆ ಸ್ಟೀಲನ್ನು ಒಂದೇ ಅಂದುಕೊಂಡಿದ್ದ. ಬಹಳ ಜನ ಹಾಗೇ ಅಂದುಕೊಂಡಿದ್ದಾರೆ. ಅದಕ್ಕೇ ಇದನ್ನು ಬರೀತಿದ್ದೀನಿ.

ಅವರ ಸ್ಟೀಲ್ ಬೇರೆ, ನಮ್ಮ ಸ್ಟೀಲ್ ಬೇರೆ

ಅಮೆರಿಕದವರು ಹೇಳುವ ಸ್ಟೀಲ್ ತೋಟಾದಲ್ಲಿ ಸ್ಟೀಲ್ ಇರೋದು ಹೊರಗಿನ ಕವಚದಲ್ಲಿ. ಮದ್ದು ತುಂಬಿರುವ ಆ ಕೊಳವೆ ಮಾಮೂಲಿಯಾಗಿ ಹಿತ್ತಾಳೆಯದ್ದು. ಹಿತ್ತಾಳೆ ದುಬಾರಿ, ಸ್ಟೀಲ್ ಅಗ್ಗ. ಅದಕ್ಕೇ ತುಲಾ, ವುಲ್ಫ್, ಬ್ರೌನ್ ಬೇರ್ ಹೆಸರಿನ ರಷ್ಯಾದ ತೋಟಾಗಳು ಅಲ್ಲಿ ಅಭ್ಯಾಸದವರ ನೆಚ್ಚಿನ ಮಾಲಾಗಿದ್ದವು. ಸ್ಟೀಲ್ ತುಕ್ಕು ಹಿಡಿಯಬಾರದು ಅಂತ ಮೇಲೆ ಲ್ಯಾಕರ್, ಪಾಲಿಮರ್ ಅಥವಾ ಸತುವಿನ ಲೇಪ ಇರುತ್ತದೆ. 2021ರ ಸೆಪ್ಟೆಂಬರಿನಲ್ಲಿ ಅಮೆರಿಕ ಸರ್ಕಾರ ರಷ್ಯಾದ ತೋಟಾಗಳಿಗೆ ಹೊಸ ಆಮದು ಪರವಾನಗಿ ಕೊಡೋದನ್ನು ನಿಲ್ಲಿಸಿತು. ಆ ವಿಡಿಯೋಗಳಲ್ಲಿ ಹಳೆಯವೇ ಜಾಸ್ತಿ. ಅದರಲ್ಲಿ ಹೇಳುವ ರೇಟು ನೋಡಿ ಬಾಯಲ್ಲಿ ನೀರೂರಿಸಿಕೊಳ್ಳಬೇಡಿ.

ಅದರಿಂದ ಪಿಸ್ತೂಲ್ ಹಾಳಾಗುತ್ತಾ ಅಂದರೆ, ಅಷ್ಟು ಸುಲಭಕ್ಕಲ್ಲ. ಗುಂಡು ಹಾರಿದಾಗ ಹಿತ್ತಾಳೆ ಕವಚ ಉಬ್ಬಿ, ತೋಟಾ ಕೂರುವ ಚೇಂಬರಿನ ಗೋಡೆಗೆ ಅಂಟಿಕೊಳ್ಳುತ್ತದೆ, ಮರುಕ್ಷಣ ಕುಗ್ಗಿ ಬಿಡುತ್ತದೆ. ಸ್ಟೀಲ್ ಅಷ್ಟು ಬಗ್ಗುವ ಲೋಹ ಅಲ್ಲ. ಸಂದಿಯಲ್ಲಿ ಹೊಗೆ ಹಿಂದಕ್ಕೆ ನುಗ್ಗಿ ಚೇಂಬರಿನಲ್ಲಿ ಮಸಿ ಜಾಸ್ತಿ ಕೂರುತ್ತದೆ. ಖಾಲಿ ಕವಚ ಎಳೆದು ಹಾಕುವ ಎಕ್ಸ್‌ಟ್ರಾಕ್ಟರ್ ಕೊಕ್ಕೆ ಸ್ವಲ್ಪ ಬೇಗ ಸವೆಯುತ್ತದೆ, ಅದು ಬದಲಾಯಿಸುವ ಬಿಡಿಭಾಗ. ನಳಿಗೆ ಸವೆಯಲು ನಿಜವಾದ ಕಾರಣ ಕವಚ ಅಲ್ಲ, ಗುಂಡಿನ ಅಂಗಿ. ಅಗ್ಗದ ಗುಂಡಿನ ಮೇಲಿನ ತಾಮ್ರ ತೆಳು ಲೇಪ ಅಷ್ಟೇ, ಒಳಗಿನ ಪದರ ಮೆತ್ತನೆಯ ಸ್ಟೀಲ್. ವೇಗ, ಒತ್ತಡ ಎರಡೂ ಜಾಸ್ತಿ ಇರುವ ರೈಫಲ್‌ನಲ್ಲಿ ಅದು ಸಾವಿರಾರು ಗುಂಡಿನ ಮೇಲೆ ಎದ್ದು ಕಾಣುತ್ತದೆ, ಪಿಸ್ತೂಲಿನಲ್ಲಿ ಕಡಿಮೆ. ಅಲ್ಲಿನ ಎಷ್ಟೋ ಒಳಾಂಗಣ ರೇಂಜ್‌ಗಳಲ್ಲಿ ಇಂಥ ಗುಂಡಿಗೆ ಪ್ರವೇಶ ಇಲ್ಲ. ಗುರಿಯ ಹಿಂದಿನ ತಗಡಿಗೆ ಬಡಿದರೆ ಕಿಡಿ ಹಾರುತ್ತದೆ, ತಗಡೂ ಹಾಳು. ಬಾಗಿಲಲ್ಲೇ ಅಯಸ್ಕಾಂತ ಹಿಡಿದು ನೋಡ್ತಾರೆ. ಅಂಟಿಕೊಂಡರೆ ವಾಪಸ್.

ನಮಗೆ ಇದು ಯಾಕೆ ಲೆಕ್ಕಕ್ಕಿಲ್ಲ ಅಂದರೆ, 9 ಎಂಎಂ ನಮ್ಮ ದೇಶದಲ್ಲಿ ಸಾಮಾನ್ಯ ನಾಗರಿಕರಿಗೆ ನಿಷಿದ್ಧ ಬೋರ್. ಬೋರ್ ಅಂದರೆ ನಳಿಗೆಯ ಒಳ ಅಳತೆ. ಲೈಸೆನ್ಸ್ ಇದ್ದವರ ಮನೆಯಲ್ಲಿ ಇರೋದು ಹೆಚ್ಚಾಗಿ .32. ಅದರ ತೋಟಾ ಹಿತ್ತಾಳೆಯದ್ದು, ಲೈಸೆನ್ಸಿನಲ್ಲಿ ಬರೆದಷ್ಟೇ ಕೊಡ್ತಾರೆ. ಎಣಿಸಿಟ್ಟ ತೋಟಾದಲ್ಲಿ ಅಭ್ಯಾಸ ಎಲ್ಲಿಂದ ಬಂತು? ಚುನಾವಣೆ ಬಂತು ಅಂದರೆ ಎಷ್ಟೋ ಸಲ ಪಿಸ್ತೂಲೇ ಠಾಣೆಗೆ ಜಮಾ. ಹಾಗಾಗಿ ದಿನಾ 60 ಗುಂಡು ಹೊಡೆದು ಕೈ ಪಳಗಿಸಬೇಕು ಅನ್ನುವವರಿಗೆ ಇಲ್ಲಿ ಉಳಿದಿರುವ ದಾರಿ ಏರ್ ಪಿಸ್ತೂಲ್. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ .177 ಬೋರ್, ಅಂದರೆ 4.5 ಮಿ.ಮೀ. ಮತ್ತು 20 ಜೌಲ್ ಶಕ್ತಿ ಮೀರದ ಏರ್ ಗನ್ನಿಗೆ ಲೈಸೆನ್ಸ್ ಬೇಡ. ಸ್ಪರ್ಧೆಯ ಏರ್ ಪಿಸ್ತೂಲ್ ಸುಮಾರು 5 ಜೌಲ್ ಅಷ್ಟೇ. ಅಷ್ಟೇ ಅಂದೆ, ಆದರೆ ಕಣ್ಣು ಹೋಗಲು ಅಷ್ಟು ಸಾಕು. ಶೆಡ್ಡಿನಲ್ಲಿ ಕನ್ನಡಕ ಇಲ್ಲದವರನ್ನು ನಾನು ಒಳಗೇ ಬಿಡೋದಿಲ್ಲ.

ಈಗ ಏರ್ ಪಿಸ್ತೂಲಿನ ಅಗ್ಗದ ಸ್ಟೀಲ್ ಗುಂಡಿಗೆ ಬರೋಣ. ಇಲ್ಲಿ ಕವಚವೇ ಇಲ್ಲ. ನಳಿಗೆಯಲ್ಲಿ ಉಜ್ಜಿಕೊಂಡು ಹೋಗುವ ಗುಂಡೇ ಸ್ಟೀಲ್. ಫರಕು ಪೂರ್ತಿ ಇಲ್ಲೇ ಇದೆ.

ಸ್ಟೀಲ್ ಬಿಬಿ: ಅಗ್ಗ ಹೌದು, ಆದರೆ ಯಾವ ಪಿಸ್ತೂಲಿಗೆ?

ಬಿಬಿ ಅಂದರೆ ಸೈಕಲ್ಲಿನ ಬಾಲ್ ಬೇರಿಂಗ್ ಥರದ ಪುಟ್ಟ ಉಂಡೆ. ಅಳತೆ 4.4 ಮಿ.ಮೀ. ಆಸುಪಾಸು. 4.5ರ ನಳಿಗೆಯಲ್ಲಿ ಅದು ಸಡಿಲ. ಸೀಸದ ಪೆಲ್ಲೆಟ್, ಅಂದರೆ ಏರ್ ಪಿಸ್ತೂಲಿನ ಮಾಮೂಲಿ ಗುಂಡು, ಹಾಗಲ್ಲ. ಅದಕ್ಕೆ ಹಿಂದುಗಡೆ ಲಂಗದಂತೆ ತೆಳುವಾದ ಅಂಚು ಇರುತ್ತದೆ. ಗಾಳಿ ಒತ್ತಿದಾಗ ಆ ಲಂಗ ಅರಳಿ ನಳಿಗೆಗೆ ಕಚ್ಚಿಕೊಳ್ಳುತ್ತದೆ. ಒಳಗಿನ ಸುರುಳಿ ಗೆರೆ ಅದನ್ನು ತಿರುಗಿಸುತ್ತದೆ. ತಿರುಗುವ ಗುಂಡು ನೆಟ್ಟಗೆ ಹೋಗುತ್ತದೆ. ಬಿಬಿಗೆ ಲಂಗವೂ ಇಲ್ಲ, ತಿರುಗೋದೂ ಇಲ್ಲ. ಸುತ್ತ ಗಾಳಿ ಸೋರಿಕೊಂಡು, ನಳಿಗೆಯ ಗೋಡೆಗೆ ಅತ್ತ ಇತ್ತ ಬಡಿದುಕೊಂಡು ಹೊರಗೆ ಬರುತ್ತದೆ. ಸುರುಳಿ ಗೆರೆ ಇರುವ ನಳಿಗೆಗೆ ಬಿಬಿ ಹಾಕಿದರೆ ಗುರಿಯೂ ಇಲ್ಲ, ಗೆರೆಯ ಅಂಚೂ ಉಜ್ಜಿ ಹೋಗುತ್ತದೆ. ಸೀಸಕ್ಕೆ ನಳಿಗೆ ಸವೆಸುವ ಶಕ್ತಿ ಇಲ್ಲ, ಸ್ಟೀಲಿಗೆ ಇದೆ.

ಹಾಗಂತ ಬಿಬಿ ಕೆಟ್ಟದ್ದು ಅಂತಲ್ಲ. ಅಸಲಿ ಪಿಸ್ತೂಲಿನ ಹಾಗೇ ಕಾಣುವ, 12 ಗ್ರಾಂ ಸಿಒ2 ಸಿಲಿಂಡರ್ ಹಾಕುವ ಮಾಡೆಲ್‌ಗಳು ಬರ್ತಾವಲ್ಲ, ಅವುಗಳಲ್ಲಿ ಬಹಳಷ್ಟರ ನಳಿಗೆ ಒಳಗೆ ನುಣುಪು. ಅವು ಬಿಬಿಗೆಂದೇ ಮಾಡಿದವು, ಅವಕ್ಕೆ ಬಿಬಿಯೇ ಸರಿ. ಹಿಡಿತ, ಪಿಸ್ತೂಲ್ ಎತ್ತಿ ಗುರಿ ನೋಡುವ ಸೈಟ್ ಹೊಂದಿಸುವುದು, ಎರಡನೇ ಗುಂಡಿಗೆ ಟ್ರಿಗರ್ ಬಿಟ್ಟು ಮತ್ತೆ ಹಿಡಿಯುವುದು, ಇವಕ್ಕೆಲ್ಲ ಅದು ಅಗ್ಗದ ಮಾಸ್ತರು. 10 ಮೀಟರಿನ ಕಾಗದದ ಗುರಿಗೆ ಮಾತ್ರ ಅದು ಆಗಿಬರಲ್ಲ. ನಿಮ್ಮದು ಯಾವ ನಳಿಗೆ ಅಂತ ಗೊತ್ತಿಲ್ಲದಿದ್ದರೆ, ಗಾಳಿ ಮತ್ತು ಗುಂಡು ಎರಡೂ ಖಾಲಿ ಇರುವುದನ್ನು ಖಾತ್ರಿ ಮಾಡಿಕೊಂಡು, ನಳಿಗೆ ಬಿಚ್ಚಲು ಬರುವಂತಿದ್ದರೆ ಬಿಚ್ಚಿ, ಬೆಳಕಿಗೆ ಹಿಡಿದು ನೋಡಿ. ಗೆರೆ ಸುತ್ತಿಕೊಂಡು ಹೋಗಿದ್ದರೆ ಸೀಸ ಮಾತ್ರ. ಕೈಪಿಡಿಯಲ್ಲೂ ಬರೆದಿರುತ್ತದೆ. ಕೈಪಿಡಿಯನ್ನು ಯಾರೂ ಓದಲ್ಲ, ಅದು ಬೇರೆ ಮಾತು.

ಬಿಬಿಯ ಇನ್ನೊಂದು ಗುಣ ನನಗೆ ಪೆಟ್ಟು ತಿಂದು ಗೊತ್ತಾಯ್ತು. ಶುರುವಿನಲ್ಲಿ ನಾನೂ ಒಂದು ಸಿಒ2 ಪಿಸ್ತೂಲ್ ತಂದಿದ್ದೆ. ಗುರಿಯ ಹಿಂದೆ ಒಂದು ದಪ್ಪ ಹಲಗೆ ನಿಲ್ಲಿಸಿ ಸಾಕು ಅಂದುಕೊಂಡೆ. ಮೂರನೇ ಗುಂಡೋ ನಾಲ್ಕನೇದೋ, ಹಲಗೆಗೆ ಬಡಿದು ಬಂದ ದಾರಿಯಲ್ಲೇ ವಾಪಸ್ ಬಂದು ತಲೆ ಮೇಲಿನ ಟ್ಯೂಬ್‌ಲೈಟ್ ಒಡೆಯಿತು. ಒಂದು ಗೇಣು ಕೆಳಗೆ ಬಂದಿದ್ದರೆ ನನ್ನ ಮುಖ. ಸೀಸ ಗಟ್ಟಿ ಜಾಗಕ್ಕೆ ಬಡಿದರೆ ರೊಟ್ಟಿಯಂತೆ ಚಪ್ಪಟೆಯಾಗಿ ತನ್ನ ಜೋರನ್ನು ಅಲ್ಲೇ ಕಳೆದುಕೊಳ್ಳುತ್ತದೆ. ಸ್ಟೀಲ್ ಹಾಗೇ ಉಂಡೆಯಾಗಿ ಪುಟಿಯುತ್ತದೆ. ಆ ಮೇಲೆ ನಾನು ಕಟ್ಟಿಗೆ ಪೆಟ್ಟಿಗೆ ಮಾಡಿ, ಒಳಗೆ ಜೀನ್ಸ್ ಕಟಿಂಗಿನ ಚಿಂದಿಯನ್ನು ಕಾಲಲ್ಲಿ ತುಳಿದು ತುಂಬಿ, ಹಿಂದೆ ಒಂದು ಕಬ್ಬಿಣದ ತಗಡು ಇಟ್ಟೆ. ಚಿಂದಿಗೆ ನಮ್ಮೂರಲ್ಲಿ ಬರ ಇಲ್ಲ. ಡೆನಿಮ್ ನಡುವೆ ಸಿಕ್ಕಿದ ಗುಂಡು ಸದ್ದಿಲ್ಲದೆ ನಿಲ್ಲುತ್ತದೆ. ನಡು ಜಾಗ ಮಾತ್ರ ಬೇಗ ಸವೆಯುತ್ತದೆ, ಆಗಾಗ ಚಿಂದಿ ಸರಿಸಿ ಮತ್ತೆ ತುಳಿಯಬೇಕು.

ತಾಮ್ರದ ಬಣ್ಣದ ಬಿಬಿ ಸೀಸದಷ್ಟೇ ಮೆತ್ತಗೆ ಅಂತ ಯಾರಾದರೂ ಮಾರಿದರೆ ನಂಬಬೇಡಿ. ಬಿದ್ದ ಸೂಜಿ ಹೆಕ್ಕಲು ಹೊಲಿಗೆ ಶೆಡ್ಡಿನಲ್ಲಿ ಅಯಸ್ಕಾಂತ ಇದ್ದೇ ಇರುತ್ತದೆ. ಅದನ್ನು ಹಿಡಿದೆ. ತಾಮ್ರ ಬಣ್ಣದ್ದೂ ಟಪ್ಪಂತ ಅಂಟಿತು. ಬಣ್ಣ ಮೇಲಿನದು, ಒಳಗೆ ಅದೇ ಸ್ಟೀಲ್.

ಸೀಸದಲ್ಲೇ ಅಗ್ಗದ್ದು, ದುಬಾರಿಯದ್ದು

ಬಿಬಿ ಪಕ್ಕಕ್ಕಿಟ್ಟರೆ ನಿಜವಾದ ಆಯ್ಕೆ ಇರೋದು ಪೆಲ್ಲೆಟ್ಟುಗಳ ನಡುವೆ. ಅದರಲ್ಲೂ ಮೊದಲು ಆಕಾರ. ಕಾಗದದ ಗುರಿಗೆ ಮೂತಿ ಚಪ್ಪಟೆ ಇರುವ ವಾಡ್‌ಕಟರ್ ಬಿಟ್ಟು ಬೇರೆ ತರಬೇಡಿ. ಅದು ಪಂಚ್ ಹೊಡೆದಂತೆ ದುಂಡನೆಯ ತೂತು ಕೊರೆಯುತ್ತದೆ. ಗುಮ್ಮಟ ಮೂತಿಯದ್ದು, ಚೂಪು ಮೂತಿಯದ್ದು ಕಾಗದವನ್ನು ಹರಿಯುತ್ತವೆ. ತೂತು ಗೆರೆ ಮುಟ್ಟಿತೋ ಇಲ್ಲವೋ ಅಂತ ಆಮೇಲೆ ಜಗಳ. ಗೆರೆ ಮುಟ್ಟಿದರೆ ಒಳಗಿನ ಅಂಕ ಸಿಗುತ್ತದೆ, ಹಾಗಾಗಿ ಈ ಜಗಳ ಸಣ್ಣದಲ್ಲ. ಅಂಗಡಿಯವರು ಚೂಪು ಮೂತಿಯದ್ದನ್ನು ಪವರ್‌ಫುಲ್ ಅಂತ ಕೊಡಲು ನೋಡ್ತಾರೆ. ಕಾಗದಕ್ಕೆ ಪವರ್ ಯಾಕೆ ಬೇಕು? ಇನ್ನು ಅದನ್ನು ಹಿಡಿದು ಗಿಳಿ ಹೊಡೀತೀನಿ ಅಂತ ಹೊರಟರೆ ಅದು ಅಭ್ಯಾಸ ಅಲ್ಲ, ವನ್ಯಜೀವಿ ಕಾಯ್ದೆಯ ಕೇಸು.

ಮಾರುಕಟ್ಟೆಯಲ್ಲಿ ಸಿಗುವ ವಾಡ್‌ಕಟರ್ ಮೂರು ದರ್ಜೆ ಅಂತ ಇಟ್ಟುಕೊಳ್ಳಿ. ಕೆಳಗೆ ನಮ್ಮ ದೇಶದಲ್ಲೇ ಮಾಡಿದ ಅಗ್ಗದ ಮಾಲು. ನಡುವೆ ಆರ್‌ಡಬ್ಲ್ಯೂಎಸ್ ಬೇಸಿಕ್, ಆರ್‌ಡಬ್ಲ್ಯೂಎಸ್ ಹಾಬಿ ಥರದ ಅಭ್ಯಾಸದ ಪೆಲ್ಲೆಟ್. ಮೇಲೆ ಆರ್‌ಡಬ್ಲ್ಯೂಎಸ್ ಆರ್10, ಎಚ್ ಅಂಡ್ ಎನ್ ಫಿನಾಲೆ ಮ್ಯಾಚ್ ಥರದ ಸ್ಪರ್ಧೆಯ ಪೆಲ್ಲೆಟ್, ಇದಕ್ಕೇ ಮ್ಯಾಚ್ ಪೆಲ್ಲೆಟ್ ಅನ್ನೋದು. ಪಿಸ್ತೂಲಿಗೆ ಹಗುರದ್ದು ಸಾಕು, 0.45 ಗ್ರಾಂ ಅಥವಾ ಸ್ವಲ್ಪ ಜಾಸ್ತಿ. 0.53 ಗ್ರಾಮಿನದು ಸಾಮಾನ್ಯವಾಗಿ ರೈಫಲ್‌ನವರದ್ದು. ಡಬ್ಬಿಯ ಮೇಲೆ ಬರೆದಿರುತ್ತದೆ, ನೋಡಿ ತಗೊಳ್ಳಿ. ಮೇಲಿನ ದರ್ಜೆಯಲ್ಲಿ ತಲೆಯ ಅಳತೆಯೂ ಬರುತ್ತದೆ: 4.49, 4.50, 4.51. ಒಂದೊಂದು ನಳಿಗೆಗೆ ಒಂದೊಂದು ಹಿಡಿಸುತ್ತದೆ, ಹೊಡೆದೇ ನೋಡಬೇಕು.

ಅಗ್ಗದ ಸೀಸದಲ್ಲಿ ತೊಂದರೆ ಏನು? ಒಂದೇ ಡಬ್ಬಿಯಲ್ಲಿ ಒಂದು ಸಡಿಲ, ಇನ್ನೊಂದು ಬಿಗಿ. ಕೆಲವಕ್ಕೆ ಲಂಗ ನಜ್ಜಾಗಿರುತ್ತದೆ. ಪರಿಚಯದ ಅಕ್ಕಸಾಲಿಗರ ಅಂಗಡಿಯಲ್ಲಿ ತಕ್ಕಡಿಗೆ ಹಾಕಿಸಿದ್ದೆ. ಅವರು "ಸೀಸಕ್ಕೂ ಗುಂಜಿ ಲೆಕ್ಕ ಹಾಕೋ ಪುಣ್ಯಾತ್ಮ ನೀನೊಬ್ಬನೇ" ಅಂತ ನಕ್ಕರು. ಅಗ್ಗದ ಡಬ್ಬಿಯ ಹತ್ತು ಕಾಳಿಗೆ ಹತ್ತು ತೂಕ ಬಂತು, ಮ್ಯಾಚ್ ಡಬ್ಬಿಯದ್ದು ಅಲ್ಲಾಡಲಿಲ್ಲ. ಆದರೆ ನೋಡಿ, ಈ ತೊಂದರೆ ಅಂಕದ್ದು. ನಳಿಗೆಯದ್ದಲ್ಲ. ಅಗ್ಗದ ಸೀಸ ಹೊಡೆದು ಮನಸ್ಸು ಬದಲಾದರೆ ನಾಳೆ ಒಳ್ಳೆಯ ಡಬ್ಬಿ ತರಬಹುದು, ಪಿಸ್ತೂಲ್ ಹಾಗೇ ಇರುತ್ತದೆ. ಸ್ಟೀಲ್ ಹೊಡೆದು ಮನಸ್ಸು ಬದಲಾದರೆ ನಳಿಗೆ ಬದಲಾಯಿಸಬೇಕು.

ಅಂಕ ಎಷ್ಟು ಹೋಗುತ್ತೆ ಅನ್ನೋದಕ್ಕೆ ನನ್ನ ಹತ್ತಿರ ಒಂದು ಅಳತೆ ಇದೆ. 10 ಮೀಟರ್ ಏರ್ ಪಿಸ್ತೂಲ್ ಗುರಿಯಲ್ಲಿ ಹತ್ತರ ವೃತ್ತ 11.5 ಮಿ.ಮೀ. ಅಂಗಿಗೆ ಹಾಕುವ 18 ಲೈನ್ ಅಳತೆಯ ಗುಂಡಿ ಹೆಚ್ಚುಕಡಿಮೆ ಅಷ್ಟೇ ಇದೆ, ಅದಕ್ಕೇ ನಮ್ಮ ಶೆಡ್ಡಿನಲ್ಲಿ ಹತ್ತು ಹೊಡೆದ ಅನ್ನಲ್ಲ, ಗುಂಡಿ ಹಾಕಿದ ಅಂತೀವಿ. ಒಂಬತ್ತರ ವೃತ್ತ 27.5. ಏಳರವರೆಗಿನ ಪೂರ್ತಿ ಕಪ್ಪು 59.5. ಈಗ ಹೊಸ ಹುಡುಗ ಹತ್ತು ಗುಂಡು ಹೊಡೆದರೆ ಆ ಕಪ್ಪು ತುಂಬ ಹರಡಿರುತ್ತದೆ, ಎರಡು ಬಿಳಿಯಲ್ಲಿ ಇರುತ್ತವೆ. ಪೆಲ್ಲೆಟ್ ತನ್ನ ಪಾಡಿಗೆ ಒಂದು ಗುಂಡಿಯಷ್ಟು ಆಚೀಚೆ ಹೋದರೆ ಅವನಿಗೇನು ನಷ್ಟ? ಅವನ ಮಣಿಕಟ್ಟು ಅದರ ನಾಲ್ಕು ಪಟ್ಟು ಆಡುತ್ತಿದೆ. ಅವನಿಗೆ ಆರ್10 ಕೊಡಿಸೋದು ಅಂದರೆ ಸೈಕಲ್ ಕಲಿಯುವವನಿಗೆ ಬುಲೆಟ್ ಬೈಕ್ ಕೊಡಿಸಿದ ಹಾಗೆ.

60 ಗುಂಡಿನ ಆಟದಲ್ಲಿ ಪೂರ್ತಿ ಅಂಕ 600. ನನ್ನ ಲೆಕ್ಕ ಹೀಗೆ: 520ರ ಕೆಳಗೆ ಇದ್ದೀರಾ, ಅಗ್ಗದ ಸೀಸ ಹೊಡೆಯಿರಿ, ಯಾರು ಏನೇ ಅಂದರೂ ಕೇಳಬೇಡಿ. ಅದರಿಂದ 550ರ ತನಕ ನಡುವಿನ ದರ್ಜೆ. ಅದೇ ಬಹಳ ಜನರಿಗೆ ಬಹಳ ವರ್ಷ ಸಾಕು. 550 ದಾಟಿದವರಿಗೆ ಮಾತ್ರ ಮ್ಯಾಚ್ ಪೆಲ್ಲೆಟ್ ಬೇಕೇ ಬೇಕು. ಯಾಕೆಂದರೆ ಆ ಹಂತದಲ್ಲಿ ಒಂಬತ್ತು ಬಿದ್ದರೆ ಅದು ಕೈಯ ತಪ್ಪೋ ಗುಂಡಿನ ತಪ್ಪೋ ಅಂತ ಅನುಮಾನ ಬರಬಾರದು. ಅನುಮಾನ ಬಂದವನು ಮುಂದಿನ ಗುಂಡಿಗೆ ಟ್ರಿಗರ್ ಹೆದರಿಕೊಂಡೇ ಒತ್ತುತ್ತಾನೆ.

ಸ್ಪರ್ಧೆಗೆ ಹೋಗುವವರು ಎರಡು ವಾರ ಮೊದಲೇ ಮ್ಯಾಚ್ ಡಬ್ಬಿಗೆ ಬದಲಾಯಿಸಿ ಸೈಟ್ ಹೊಂದಿಸಿಕೊಳ್ಳಿ. ಪೆಲ್ಲೆಟ್ ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ಹಿಂದಿನ ರಾತ್ರಿ ಬದಲಾಯಿಸಿ, ಬೆಳಗ್ಗೆ ಬೆಂಗಳೂರಿನಲ್ಲಿ ಇಳಿದು ಸೈಟ್ ತಿರುಗಿಸುತ್ತಾ ಕೂತವರನ್ನು ನೋಡಿದ್ದೀನಿ.

ಹೋಲಿಸಿ ನೋಡೋದು ಹೇಗೆ

ಕೈಯಲ್ಲಿ ಹಿಡಿದು ಹೊಡೆದು ಯಾವ ಪೆಲ್ಲೆಟ್ ಚೆನ್ನಾಗಿದೆ ಅಂತ ಹೇಳೋದು ಸುಳ್ಳು. ಅದು ನಿಮ್ಮ ಕೈಯ ಪರೀಕ್ಷೆ. ಹಳೇ ಜೀನ್ಸಿನ ಕಾಲು ಕತ್ತರಿಸಿ, ಎರಡೂ ಕಡೆ ಹೊಲಿದು, ಒಳಗೆ ಮರಳು ತುಂಬಿ. ಮೇಜಿನ ಮೇಲೆ ಅದನ್ನಿಟ್ಟು ಪಿಸ್ತೂಲನ್ನು ಅದರ ಮೇಲೆ ಊರಿ, ಕುರ್ಚಿಯಲ್ಲಿ ಕೂತು ಹೊಡೆಯಿರಿ. ಒಂದೊಂದು ಡಬ್ಬಿಯಿಂದ ಐದೈದು ಗುಂಡು, ಮೂರು ಕಾಗದ. ಡಬ್ಬಿ ಬದಲಾಯಿಸಿದಾಗ ಮೊದಲ ಐದಾರು ಗುಂಡು ಲೆಕ್ಕಕ್ಕೆ ಹಿಡಿಯಬೇಡಿ, ನಳಿಗೆ ಹೊಸ ಸೀಸಕ್ಕೆ ಒಗ್ಗಿಕೊಳ್ಳಬೇಕು. ಐದೂ ತೂತಿನ ಗುಂಪನ್ನು 18 ಲೈನ್ ಗುಂಡಿ ಮುಚ್ಚಿದರೆ ಆ ಪೆಲ್ಲೆಟ್ ನಿಮ್ಮ ನಳಿಗೆಗೆ ಹಿಡಿಸಿದೆ. ಬೆಲೆ ಎಷ್ಟಾದರೂ ಇರಲಿ. ನಮ್ಮ ಒಂದು ಹಳೇ ಸ್ಪ್ರಿಂಗ್ ಪಿಸ್ತೂಲಿಗೆ ನಡುವಿನ ದರ್ಜೆಯದೇ ಮ್ಯಾಚ್ ಪೆಲ್ಲೆಟ್ಟಿಗಿಂತ ಚೆನ್ನಾಗಿ ಕೂರುತ್ತದೆ. ಯಾಕೆ ಅಂತ ಕೇಳಬೇಡಿ, ಅದರ ಜಾತಕ.

ಸಿಒ2 ಪಿಸ್ತೂಲಿನವರಿಗೆ ನಮ್ಮೂರಲ್ಲಿ ಇನ್ನೊಂದು ತಾಪತ್ರಯ. ಸಿಲಿಂಡರಿನ ಒತ್ತಡ ಬಿಸಿಲಿನ ಜೊತೆ ಏರುತ್ತದೆ. 20 ಡಿಗ್ರಿಯಲ್ಲಿ ಸುಮಾರು 57 ಬಾರ್ ಇರೋದು 30ಕ್ಕೆ 70 ದಾಟುತ್ತದೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ಅಂದರೆ ಮಾಮೂಲಿ. ಬೆಳಗ್ಗೆ ಒಂದು ಡಬ್ಬಿ, ಮಧ್ಯಾಹ್ನ ಇನ್ನೊಂದು ಡಬ್ಬಿ ಹೊಡೆದು ಹೋಲಿಸಿದರೆ ನೀವು ಪೆಲ್ಲೆಟ್ ಹೋಲಿಸಿದ್ದಲ್ಲ, ಬಳ್ಳಾರಿಯ ಬಿಸಿಲು ಹೋಲಿಸಿದ್ದು. ಒಂದೇ ಹೊತ್ತಿನಲ್ಲಿ ಮುಗಿಸಿ. ಸಿಲಿಂಡರನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಡಲೇಬೇಡಿ.

ಪುಕ್ಕಟೆ ಗುಂಡು

ಎಲ್ಲಕ್ಕಿಂತ ಅಗ್ಗದ ಗುಂಡು ಅಂದರೆ ಇಲ್ಲದ ಗುಂಡು. ಡ್ರೈ ಫೈರ್. ಪಿಸ್ತೂಲ್ ಖಾಲಿ ಇದೆ ಅಂತ ಎರಡು ಸಲ ನೋಡಿ, ಬಿಳಿ ಗೋಡೆಗೆ ಮುಖ ಮಾಡಿ, ಸೈಟ್ ನೋಡುತ್ತಾ ಟ್ರಿಗರ್ ಒತ್ತೋದು. ಸ್ಪರ್ಧೆಯ ಏರ್ ಪಿಸ್ತೂಲುಗಳಲ್ಲಿ ಇದಕ್ಕೆಂದೇ ಒಂದು ವ್ಯವಸ್ಥೆ ಇರುತ್ತದೆ. ಗಾಳಿ ಖರ್ಚಾಗದೆ ಟ್ರಿಗರ್ ಮಾತ್ರ ಕ್ಲಿಕ್ ಅನ್ನುತ್ತದೆ. ಸ್ಪ್ರಿಂಗ್ ಪಿಸ್ತೂಲಿನಲ್ಲಿ ಮಾತ್ರ ಗುಂಡಿಲ್ಲದೆ ಸ್ಪ್ರಿಂಗ್ ಬಿಡಬೇಡಿ, ಒಳಗಿನ ಪಿಸ್ಟನ್ ಬಡಿದು ಸೀಲ್ ಹಾಳಾಗುತ್ತದೆ.

ಲೆಕ್ಕ ಹಾಕಿ. ವಾರಕ್ಕೆ ನಾಲ್ಕು ದಿನ, ದಿನಕ್ಕೆ 60 ಅಂದರೆ 240 ಗುಂಡು. 500ರ ಡಬ್ಬಿ ಎರಡು ವಾರಕ್ಕೆ ಖಾಲಿ. ಅದರಲ್ಲಿ ಎರಡು ದಿನ ಡ್ರೈ ಫೈರ್ ಮಾಡಿ, ಎರಡು ದಿನ ಸೀಸ ಹೊಡೆದರೆ ಅದೇ ಡಬ್ಬಿ ನಾಲ್ಕು ವಾರ ಬರುತ್ತದೆ. ಅಗ್ಗದ ಡಬ್ಬಿಗೆ ಅರ್ಧ ರೇಟು ಅಂತ ಓಡುವ ಬದಲು, ಒಳ್ಳೆಯ ಡಬ್ಬಿಯನ್ನೇ ಅರ್ಧ ಖರ್ಚಿನಲ್ಲಿ ನಡೆಸಬಹುದು, ಅಲ್ವಾ? ಹುಡುಗರಿಗೆ ಇದು ರುಚಿಸಲ್ಲ. ಸದ್ದಿಲ್ಲ, ತೂತಿಲ್ಲ, ತೋರಿಸಲು ಕಾಗದ ಇಲ್ಲ. ಆದರೂ ತಿಂಗಳು ಮಾಡಿದವನಿಗೂ ಮಾಡದವನಿಗೂ ಇರುವ ಫರಕು ಅವನು ಪಿಸ್ತೂಲ್ ಎತ್ತುವಾಗಲೇ ಕಾಣುತ್ತದೆ.

ಸೀಸದ ಬಗ್ಗೆ ಒಂದು ಮಾತು, ಅಗ್ಗದ್ದಕ್ಕೂ ದುಬಾರಿಯದ್ದಕ್ಕೂ ಒಂದೇ. ಅದು ವಿಷ. ಪೆಲ್ಲೆಟ್ ಬಾಯಲ್ಲಿ ಕಚ್ಚಿಕೊಂಡು ಲೋಡ್ ಮಾಡುವ ಚಟ ಇದ್ದರೆ ಇವತ್ತೇ ಬಿಡಿ. ಹೊಡೆದ ಮೇಲೆ ಸೋಪು ಹಚ್ಚಿ ಕೈ ತೊಳೆಯದೆ ಮಂಡಕ್ಕಿ ಮಿರ್ಚಿಗೆ ಕೈ ಹಾಕಬೇಡಿ. ಪೆಟ್ಟಿಗೆಯ ಸುತ್ತ ಒಣ ಕಸಬರಿಗೆಯಿಂದ ಗುಡಿಸಬೇಡಿ, ಧೂಳು ಏಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ. ಚಿಕ್ಕ ಮಕ್ಕಳು ಓಡಾಡುವ ಮನೆಯಾದರೆ ಡಬ್ಬಿ ಬೀರುವಿನ ಒಳಗೆ ಇರಲಿ.

ಸ್ಟೀಲ್ ಗುಂಡು ಕೇಳಿದ್ದ ಆ ಹುಡುಗ ಕೊನೆಗೆ ನಡುವಿನ ದರ್ಜೆಯದ್ದು ಒಂದು ಡಬ್ಬಿ ತಂದ. ಅಗ್ಗದ್ದು ಸಾಕಿತ್ತು ಅಂತ ನಾನು ಹೇಳಿದೆ, ಕೇಳಲಿಲ್ಲ. ಹೋದ ಅಮಾವಾಸ್ಯೆಗೆ ಶೆಡ್ಡು ತೊಳೆಯುವಾಗ ಚಿಂದಿ ಪೆಟ್ಟಿಗೆ ಬೋರಲು ಹಾಕಿದೆವು. ಸೀಸವೆಲ್ಲ ಚಪ್ಪಟೆಯಾಗಿ, ನೀಲಿ ನೂಲು ಸುತ್ತಿಕೊಂಡು, ಸೀತಾಫಲದ ಬೀಜ ಉದುರಿದ ಹಾಗೆ ಬಿತ್ತು. ಒಂದು ಡಬ್ಬದಲ್ಲಿ ಕಟ್ಟಿ ಗುಜರಿಗೆ ಎತ್ತಿಟ್ಟೆ. ಆಮೇಲೆ ಅವನು ಮೇಜಿನ ಕೆಳಗೆ ಸೂಜಿ ಹೆಕ್ಕಲು ಅಯಸ್ಕಾಂತ ಎಳೆದುಕೊಂಡು ಹೋದ. ಸೂಜಿಗಳ ನಡುವೆ ಎರಡು ಬಿಬಿ ಅಂಟಿಕೊಂಡು ಬಂದವು. ಟ್ಯೂಬ್‌ಲೈಟ್ ಒಡೆದ ಕಾಲದವು ಇರಬೇಕು. ಇನ್ನೂ ಹೊಸದರಂತೆ ಮಿಂಚುತ್ತಿದ್ದವು.